ಸೈಮಿ ಅಜ್ಜಿಯ ಬುಕಿಂಗನ್ನು ಕಾಯಿಸಿದವರು ಯಾರು?

ಸೋಮವಾರ ಬೆಳಿಗ್ಗೆ ಸೈಮಿ ಅಜ್ಜಿಯ ಗಾಡಿ ಬರಲಿಲ್ಲ. ಡಯಾಲಿಸಿಸ್‌ಗೆ ಹೊರಟಿದ್ದವರು ಕುವೊಪಿಯೊ ಊರಿನ ಆ ಚಳಿಯಲ್ಲಿ ಕಾದದ್ದೇ ಕಾದದ್ದು. ಕೊನೆಗೆ ಪಕ್ಕದ ಮನೆಯವರು ಕರೆದೊಯ್ದರಂತೆ.

ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ನಮ್ಮ ಗಾಡಿ ಸಂಘದ ಬುಕಿಂಗ್ ಪುಟ ಪ್ರತಿ ಸಲ ಒತ್ತಿದಾಗಲೂ ತುಸು ಹೊತ್ತು ನಿಂತುಬಿಡುತ್ತಿತ್ತು. ಬುಕ್ ಆಯಿತೆಂದುಕೊಂಡು ಅಜ್ಜಿ ಅರ್ಧದಲ್ಲೇ ಮುಚ್ಚಿಬಿಟ್ಟಿದ್ದರು.

"ಮಧ್ಯಾಹ್ನದ ಕಾಫಿಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ನಿನ್ನ ಪ್ರೋಗ್ರಾಂ ಕಿತ್ತುಹಾಕ್ತೀನಿ, ಸಾಂಪ್ಸ," ಎಂದರು ಮುಖ್ಯಸ್ಥೆ ರೈಯಾ. "ಆಮೇಲೆ ನಿನ್ನ ಕೆಲಸದ ವಿಷಯ."

ಬುಕಿಂಗ್ ಪ್ರೋಗ್ರಾಂ ಬರೆದ ಸಾಂಪ್ಸ ಬಿಳಿಚಿಕೊಂಡ.

ಆರೋಪಿಗಳು ಇಬ್ಬರು. ಜನರ ಕೋರಿಕೆಯನ್ನು ಮೊದಲು ಪಡೆಯುವ ವೆಬ್ ಸರ್ವರ್—ಅದು ನನ್ನ ಸುಪರ್ದಿನದು. ಒಳಗೆ ಕೂತು ಕೆಲಸ ಮಾಡುವ ಅಪ್ಲಿಕೇಶನ್ ಸರ್ವರ್—ಅದು ಸಾಂಪ್ಸನದು. ಹೋಟೆಲಿನ ಮಾಣಿ ಮತ್ತು ಅಡುಗೆ ಭಟ್ಟರಿದ್ದ ಹಾಗೆ.

"ನಿನ್ನ ಭಟ್ಟರದೇ ನಿಧಾನ," ಎಂದೆ ನಾನು.

"ನಿನ್ನ ಮಾಣಿ ತೂಕಡಿಸ್ತಿದಾನೆ, ಮೊದ್ಲು ಅವನನ್ನ ಎಬ್ಬಿಸು!"

ಕೊನೆಗೆ ವುವೊಕ್ಕೊಳನ್ನು ಕರೆಸಿದೆವು. ನಿಧಾನವಾದ ಯಂತ್ರಗಳ ಜಾಡು ಹಿಡಿಯುವುದೇ ಅವಳ ಕಸುಬು. ಬೂಟು ಬಾಗಿಲಲ್ಲಿ ಬಿಟ್ಟು, ಉಣ್ಣೆಯ ಕಾಲುಚೀಲದಲ್ಲೇ ಬಂದು ಕೂತಳು.

"ಸಣ್ಣ ಕೆಲಸಕ್ಕೆ ಎಷ್ಟು ತಡ?"

"ಐದು ಸೆಕೆಂಡ್," ಎಂದೆ.

"ದೊಡ್ಡದಕ್ಕೆ?"

"ಅದೇ ಐದು, ಮೇಲೆ ಚೂರು."

"ಸುಸ್ತಾದವನು ಹತ್ತಿ ಮೂಟೆಗೂ ಅಕ್ಕಿ ಮೂಟೆಗೂ ಒಂದೇ ಥರ ಏದುಸಿರು ಬಿಡ್ತಾನಾ? ಇದು ಸುಸ್ತಲ್ಲ. ಯಾರೋ ಯಾರಿಗೋ ಕಾಯ್ತಿದಾರೆ."

ನನ್ನ ಸರ್ವರಿನಿಂದ ಸಾಂಪ್ಸನ ಸರ್ವರನ್ನು ಅದರ ಅಂಕಿ ವಿಳಾಸ ಹಾಕಿ ಕರೆದಳು. ತಟ್ಟನೆ ಉತ್ತರ! ಹೆಸರು ಹಿಡಿದು ಕರೆದಳು—ಐದು ಸೆಕೆಂಡ್ ಮೌನ. ಆಮೇಲೆ ಉತ್ತರ.

"ಯಾವತ್ತಿಂದ ಹೀಗೆ?"

"ಶುಕ್ರವಾರದಿಂದ."

"ಅವತ್ತು ಏನು ಬದಲಾಯಿಸಿದ್ರಿ?"

"ಏನೂ ಇಲ್ಲ," ಎಂದರು ರೈಯಾ. "ಯಂತ್ರಗಳನ್ನ ನೋಡ್ಕೊಳ್ತಿದ್ದ ಕಾಲೆರ್ವೊ ನಿವೃತ್ತರಾದ್ರು. ಬೀಳ್ಕೊಡುಗೆ ಕಾಫಿ ಇತ್ತು, ಕೇಕ್ ತಿಂದ್ವಿ. ಅಷ್ಟೇ."

ವುವೊಕ್ಕೊ ಎದ್ದು ಕಾಫಿ ಕೋಣೆಗೆ ಹೋದಳು. ಗೋಡೆಯ ಮೇಲೆ ಶುಕ್ರವಾರದ ಫೋಟೋ. ಕಾಲೆರ್ವೊ ಅವರ ಕೈಯಲ್ಲಿ ನೀಲಿ ರಿಬ್ಬನ್ ಕಟ್ಟಿದ ಕರಿ ಪೆಟ್ಟಿಗೆ.

"ಇದೇನು?"

"ಅವರೇ ತಂದಿಟ್ಟಿದ್ದ ಹಳೇ ಸರ್ವರ್," ಎಂದರು ಹಿಂದೆಯೇ ಬಂದ ರೈಯಾ. " ಮೂಲೇಲಿ ಸುಮ್ನೆ ಬಿದ್ದಿತ್ತು, ನೆನಪಿಗೆ ಇರ್ಲಿ ಅಂತ ಪ್ಲಗ್ ಕಿತ್ತು ಕೊಟ್ವಿ. ರಿಬ್ಬನ್ ನಾನೇ ಕಟ್ಟಿದ್ದು."

"ಸುಮ್ನೆ ಬಿದ್ದಿರ್ಲಿಲ್ಲ, ರೈಯಾ! ಯಾವ ಹೆಸರಿಗೆ ಯಾವ ವಿಳಾಸ ಅಂತ ಹೇಳ್ತಿದ್ದದ್ದು ಅದೇ. ಮಾಣಿ ಈಗ್ಲೂ ಮೊದ್ಲು ಅದನ್ನೇ ಕೇಳ್ತಾನೆ. ಐದು ಸೆಕೆಂಡ್ ಕಾಯ್ತಾನೆ, ಉತ್ತರ ಇಲ್ಲ. ಆಮೇಲೆ ಅದೇ ಕೆಲಸಕ್ಕಿರೋ ಎರಡನೇ ಪೆಟ್ಟಿಗೇನ ಕೇಳ್ಕೊಂಡು ಭಟ್ಟರ ಹತ್ರ ಹೋಗ್ತಾನೆ. ಮಾಣೀದೂ ತಪ್ಪಲ್ಲ, ಭಟ್ಟರದೂ ತಪ್ಪಲ್ಲ. ದಾರಿ ಹೇಳೋ ಮುದುಕನಿಗೆ ಸನ್ಮಾನ ಮಾಡಿ ಮನೆಗೆ ಕಳಿಸಿದ್ದೀರಿ—ನೀವೆಲ್ಲಾ ಸೇರಿ!"

ಹಳೆಯ ಪೆಟ್ಟಿಗೆಯನ್ನು ಕೇಳುವುದು ಬೇಡವೆಂದು ನನ್ನ ಸರ್ವರಿಗೆ ಹೇಳಿಕೊಟ್ಟೆ. ಪುಟ ಒತ್ತಿದ ಕೂಡಲೇ ತೆರೆಯಿತು. ರೈಯಾ ಸಾಂಪ್ಸನ ಕೈ ಹಿಡಿದುಕೊಂಡರು. "ತಪ್ಪು ನಂದು ಕಣೋ. ಕ್ಷಮಿಸು." ನಂತರ ತಾವೇ ಸೈಮಿ ಅಜ್ಜಿಗೆ ಫೋನ್ ಮಾಡಲು ಹೋದರು.

ನಾನು ಕಾಲೆರ್ವೊ ಅವರಿಗೆ ಫೋನ್ ಮಾಡಿದೆ.

"ಹೇಳೋಣ ಅಂತ ಬಾಯಿ ತೆಗೆದೆ, ಮಾರಾಯ," ಎಂದರು ಅವರು. "ಅಷ್ಟರಲ್ಲಿ ಚಪ್ಪಾಳೆ ಶುರುವಾಯ್ತು. ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅನ್ನೋದು ಹ್ಯಾಗೆ? ಎರಡನೇದು ಸಂಭಾಳಿಸುತ್ತೆ ಅಂದ್ಕೊಂಡೆ."

ಇಷ್ಟು ವರ್ಷ ಆ ಪೆಟ್ಟಿಗೆ ನಮ್ಮನ್ನು ಒಮ್ಮೆಯೂ ಕಾಯಿಸಿರಲಿಲ್ಲ. ಅದು ಕೆಲಸ ಮಾಡುತ್ತಿದೆಯೆಂದೇ ನಮಗೆ ಗೊತ್ತಿರಲಿಲ್ಲ.

"ತುಂಬಾ ಥ್ಯಾಂಕ್ಸ್, ಕಾಲೆರ್ವೊ."

"ಶುಕ್ರವಾರಾನೇ ಎಲ್ರೂ ಹೇಳಿದ್ರಲ್ಲ!"

"ಹೇಳಿದ್ವಿ. ಯಾತಕ್ಕೆ ಅಂತ ಅವತ್ತು ಗೊತ್ತಿರ್ಲಿಲ್ಲ."