ಮೂವತ್ತೈದು ಪರ್ಸೆಂಟಿನ ಹುಡುಗಿ

"ಅಂಗವಿಕಲ ಹುಡುಗೀನ್ನ ಕರಕೊಂಡು ಬರ್ತೇನಿ ಅಂದಿದ್ರೆಲ್ಲ, ಎಲ್ಲಿ ಆಕಿ?" ಕಲ್ಯಾಣಪ್ಪ ವಕೀಲ ಬಂದವನೇ ಮಲ್ಲಣ್ಣನನ್ನು ಕೇಳಿದ.

ಶಿವಕಾಂತಾ ಅವನ ಎದುರಿನ ಕುರ್ಚಿಯಲ್ಲೇ ಕೂತಿದ್ದಳು. ಪಕ್ಕದಲ್ಲಿದ್ದ ಅಣ್ಣ ಮಲ್ಲಣ್ಣ ಬಾಯಿ ತೆರೆಯುವ ಮೊದಲೇ ಅವಳು ಉತ್ತರಿಸಿದಳು.

"ನಿಮ್ಮ ಮುಂದೇ ಕುಂತೇನ್ರಿ. ಸರ್ಕಾರ ಕೊಡೂ ಪಗಾರ ನನಗ ಬ್ಯಾಡ, ನಿಮಗೇ ಮಾಡಿಸೋಣು. ವಕೀಲ್ರಿಗೆ ಕಣ್ಣು ಕಾಣೂದಿಲ್ಲ ಅಂತ ಬರೀರಿ."

ಕಲ್ಯಾಣಪ್ಪನ ಮುಖ ಕೆಂಪಾಯಿತು. ಬಾಗಿಲ ಬಳಿ ಕೂತಿದ್ದ ಮುನ್ಷಿ ಗುಡುಸಾಬ ಕೆಮ್ಮು ಬಂದವನಂತೆ ಆ ಕಡೆ ತಿರುಗಿ ನಕ್ಕ.

ಎಂಬತ್ತಾರನೇ ಇಸವಿಯ ಕಡು ಬೇಸಿಗೆ. ಅಫಜಲಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಕಿರಾಣಿ ಅಂಗಡಿಯ ಮೇಲಿನ ಆ ಕೋಣೆ ಹೆಂಚು ಕಾದ ಹಾಗೆ ಕಾಯುತ್ತಿತ್ತು. ಅಂಥ ಶೆಕೆಯಲ್ಲೂ ಕರಿ ಕೋಟು ಬಿಚ್ಚದ ಮನುಷ್ಯನಿಗೆ ಬುದ್ಧಿ ಎಷ್ಟಿದ್ದೀತು ಎಂದು ಶಿವಕಾಂತಾ ಆಗಲೇ ಲೆಕ್ಕ ಹಾಕಿಬಿಟ್ಟಿದ್ದಳು. ಆದರೂ ಮನಸ್ಸಿನ ಮೂಲೆಯಲ್ಲೊಂದು ಮಾತು ಕುಟುಕಿತು. ಹುಟ್ಟಿದಾಗಿನಿಂದ ಅವಳ ಮುಖಕ್ಕಿಂತ ಮೊದಲು ಅವಳ ಕಾಲು ನೋಡದ ಮನುಷ್ಯನನ್ನು ಅವಳು ಕಂಡದ್ದು ಅಂದೇ.

ಶಿವಕಾಂತಾಗೆ ಲೋಕದ ಮೇಲೆ ಎಳ್ಳಷ್ಟೂ ಮರ್ಯಾದೆ ಇರಲಿಲ್ಲ. ಇರುವುದಾದರೂ ಹೇಗೆ? ಕೂಸಿದ್ದಾಗ ಪೋಲಿಯೊ ಬಂದು ಎಡಗಾಲು ಸಣಕಲಾಗಿ ಉಳಿದಿತ್ತು. ಗಾಣಗಾಪುರದಲ್ಲಿ ಅಣ್ಣನ ತೆಂಗಿನಕಾಯಿ ಅಂಗಡಿಯಲ್ಲಿ ದಿನವಿಡೀ ಕೂತು ವ್ಯಾಪಾರ ಮಾಡುವವಳು ಅವಳೇ. ಆ ಊರಿಗೆ ಬಂದ ಭಕ್ತರು ಮನೆ ಮನೆಗೆ ಹೋಗಿ ಭಿಕ್ಷೆ ಬೇಡಬೇಕೆಂಬುದು ಪದ್ಧತಿ. ಮೋಟಾರಿನಲ್ಲಿ ಬಂದ ಸಾಹುಕಾರರೂ ಜೋಳಿಗೆ ಹಿಡಿದು ಅವಳ ಬಾಗಿಲಲ್ಲಿ ನಿಂತು ರೊಟ್ಟಿ ಬೇಡಿ ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ರೊಟ್ಟಿ ಹಾಕಿ ಒಳಗೆ ತಿರುಗುವಾಗ ಅವಳ ನಡಿಗೆ ಕಂಡರೋ, ಅದೇ ಸಾಹುಕಾರರು ಹೊಸ್ತಿಲ ಮೇಲೆ ಚಿಲ್ಲರೆ ಎಸೆಯುತ್ತಿದ್ದರು. ಬೇಡಿದವನು ಭಕ್ತ, ನೀಡಿದವಳು ಭಿಕಾರಿ! ಇಂಥ ಜನರ ನಡುವೆ ಬೆಳೆದವಳ ಮೂಗು ಸದಾ ಮುರಿದುಕೊಂಡೇ ಇರುತ್ತಿದ್ದರೆ ಆಶ್ಚರ್ಯವಿಲ್ಲ.

ಅಂಥವಳು ಸರ್ಕಾರದ ಬಾಗಿಲಿಗೆ ಬಂದದ್ದು ಜೇವರ್ಗಿಯ ಒಬ್ಬ ತಂಬಾಕಿನ ವ್ಯಾಪಾರಿಯ ದೆಸೆಯಿಂದ. ಹೆಂಡತಿ ಸತ್ತಿದ್ದಳು, ಮಕ್ಕಳಿಗೆ ಮದುವೆಯಾಗಿತ್ತು, ಮೀಸೆಗೆ ಮಾತ್ರ ಹೊಸದಾಗಿ ಕರಿ ಬಣ್ಣ ಬಂದಿತ್ತು. ಹೆಣ್ಣು ನೋಡಲು ಬಂದವನು ಎರಡು ಬಟ್ಟಲು ಚಹಾ ಕುಡಿದು, "ಕುಂಟಿ ಇದ್ರೇನಾತು? ಮನಿ ಬಿಟ್ಟು ಓಡಿ ಹೋಗೂದಿಲ್ಲ, ಅದೇ ಛಲೋ," ಅಂದಿದ್ದ. ಅಣ್ಣನ ಹೆಂಡತಿ, ವೈನಿ ಸುಮಿತ್ರಾಬಾಯಿ ಇದನ್ನು ದೊಡ್ಡ ಮನಸ್ಸು ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು.

"ನಾ ಒಲ್ಲೆ," ಎಂದಳು ಶಿವಕಾಂತಾ.

"ಒಲ್ಲೆ ಅನ್ನಾಕ ಗಳಿಕಿ ಇರಬೇಕವ್ವ," ಎಂದಳು ವೈನಿ. "ಕುಂತು ಉಣ್ಣೋರಿಗೆ ಆ ಮಾತು ಒಪ್ಪೂದಿಲ್ಲ."

ಅಂಗಡಿಯಲ್ಲಿ ದುಡಿದದ್ದು ಆ ಮನೆಯಲ್ಲಿ ಗಳಿಕೆ ಅನ್ನಿಸಿಕೊಳ್ಳುತ್ತಿರಲಿಲ್ಲ. ಸರ್ಕಾರ ಅಂಗವಿಕಲರಿಗೆ ಕೊಡುವ ಮಾಸಾಶನವಾದರೆ ಗಳಿಕೆ. ಊರವರ ಬಾಯಲ್ಲಿ ಅದು ಕುಂಟರ ಪಗಾರ. "ಅದು ಬಂತಂದ್ರ ನಿನ್ನ ಮನಸ್ಸಿನಂಗ ಆಗ್ಲಿ, ಬರಲಿಲ್ಲಂದ್ರ ಜೇವರ್ಗಿ," ಎಂದು ಮಲ್ಲಣ್ಣ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದ. ಹೀಗೆ ಆ ಅರ್ಜಿಯ ಮೇಲೆ ಅವಳ ಬದುಕು ನಿಂತಿತ್ತು.

ಆಮೇಲೆ ಶುರುವಾಯಿತು ನೋಡಿ, ಅಲೆದಾಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಹುಟ್ಟಿದ್ದೇ ತಹಸೀಲ್ ಕಚೇರಿಯಲ್ಲಿರಬೇಕು. ಒಬ್ಬ ಗುಮಾಸ್ತ ಊಟಕ್ಕೆ ಹೋದರೆ ಇನ್ನೊಬ್ಬ ಊಟ ಮಾಡಿ ನಿದ್ದೆಗೆ ಹೋಗುತ್ತಿದ್ದ. ಇಬ್ಬರಿಗೂ ಕಲ್ಯಾಣಪ್ಪ ಕೈ ಮುಗಿಯುತ್ತಿದ್ದ.

"ನೀವು ವಕೀಲ್ರೊ, ಹರಕಿ ಹೊತ್ತು ಬಂದವ್ರೊ?" ಎಂದು ಶಿವಕಾಂತಾ ಚುಚ್ಚುತ್ತಿದ್ದಳು. "ಆ ಎಮ್ಮಿ ಮಾರಿ ಗುಮಾಸ್ತಗ ಎಷ್ಟು ಸಲ ಬಗ್ತೀರಿ?"

"ನಾ ಬಗ್ಗಿದ್ರ ಫೈಲು ಒಂದು ಟೇಬಲ್ ಮುಂದಕ್ಕ ಹೋಗ್ತದ್ರಿ. ನೀವು ಮೊನ್ನೆ ಬೈದ್ರೆಲ್ಲ, ಅದು ಎರಡು ಟೇಬಲ್ ಹಿಂದಕ್ಕ ಬಂದದ."

ಅವಳಿಗೆ ನಗು ಬಂತು. ಬಂದದ್ದು ಅವನಿಗೆ ಕಾಣಬಾರದೆಂದು ಕಿಟಕಿಯ ಕಡೆ ಮುಖ ಮಾಡಿದಳು. ಅವಳು ಕಿಟಕಿ ನೋಡುವಾಗ ಅವನು ಅವಳನ್ನು ನೋಡುತ್ತಿದ್ದ. ಅವಳು ತಿರುಗಿದೊಡನೆ ಕಣ್ಣು ಫೈಲಿಗೆ ಇಳಿಯುತ್ತಿತ್ತು. ಒಮ್ಮೆ ಫೈಲು ತಲೆಕೆಳಗಾಗಿತ್ತು.

"ತಿರುವಿ ಹಿಡ್ಕೋರಿ ವಕೀಲ್ರ," ಎಂದಳು.

"ಹಿಂಗೂ ಓದಾಕ ಬರ್ತದ್ರಿ ನನಗ," ಎಂದ ಅವನು, ಕಿವಿಯವರೆಗೂ ಕೆಂಪಾಗಿ.

ಪ್ರೀತಿ ಮಾಡುವವರನ್ನು ಕಂಡರೆ ಶಿವಕಾಂತಾಗೆ ಮೊದಲಿನಿಂದಲೂ ತಾತ್ಸಾರ. ಅದಕ್ಕೇ ತನಗೆ ಏನಾಗಿದೆ ಎಂದು ಗೊತ್ತಾದಾಗ ತನ್ನ ಮೇಲೂ ಅವಳಿಗೆ ತಾತ್ಸಾರ ಬಂತು. ನಡೆಯುವಾಗ ಅವಳು ಹೆಜ್ಜೆ ಹೆಜ್ಜೆಗೂ ಎಡಗೈಯಿಂದ ತೊಡೆ ಒತ್ತಿ ಹಿಡಿಯಬೇಕಿತ್ತು, ಇಲ್ಲವಾದರೆ ಮೊಣಕಾಲು ಮಡಚಿಬಿಡುತ್ತಿತ್ತು. ಆದರೆ ಕಲ್ಯಾಣಪ್ಪನ ಕಣ್ಣೆದುರು ಬಂದಾಗ ಕೈ ತೆಗೆದು, ಹಲ್ಲು ಕಚ್ಚಿ, ಬರೀ ಸೊಂಟದ ಬಲದಲ್ಲಿ ನೆಟ್ಟಗೆ ನಡೆಯುತ್ತಿದ್ದಳು. ಮನೆಗೆ ಬಂದ ಮೇಲೆ ನೋವಿಗೆ ಸೆರಗು ಕಚ್ಚಿ ಮಲಗಬೇಕಾಗುತ್ತಿತ್ತು. ಬೇರೆ ಯಾವಳಾದರೂ ಈ ಹುಚ್ಚಾಟ ಆಡಿದ್ದರೆ ಶಿವಕಾಂತಾ ತಿಂಗಳುಗಟ್ಟಲೆ ಆಡಿಕೊಳ್ಳುತ್ತಿದ್ದಳು.

ಡಾಕ್ಟರ ಪರೀಕ್ಷೆಗೆ ಗುಲ್ಬರ್ಗಾಕ್ಕೆ ಹೋಗಬೇಕಾಯಿತು. ನಲವತ್ತು ಪರ್ಸೆಂಟ್ ಊನ ಇದೆ ಎಂದು ಬರೆದುಕೊಟ್ಟರೆ ಪಗಾರ ಖಾತ್ರಿ. ಕಾಲು ಅಳೆದದ್ದಾಯಿತು, ಮೊಣಕಾಲು ಬಡಿದು ನೋಡಿದ್ದಾಯಿತು. ಕೊನೆಗೆ ಡಾಕ್ಟರು ಉದ್ದನೆಯ ವರಾಂಡ ತೋರಿಸಿ, "ಆ ಕಡಿ ತನಕ ನಡದು ತೋರ್ಸವ್ವ," ಎಂದರು.

ಆ ಕಡೆ ಕಲ್ಯಾಣಪ್ಪ ನಿಂತಿದ್ದ.

ಅಷ್ಟು ಸಾಕಾಯಿತು. ಜೇವರ್ಗಿ ಮರೆತುಹೋಯಿತು, ಕರಿ ಮೀಸೆ ಮರೆತುಹೋಯಿತು, ಬಂದ ಕೆಲಸವೇ ಮರೆತುಹೋಯಿತು. ಶಿವಕಾಂತಾ ತೊಡೆಯಿಂದ ಕೈ ತೆಗೆದಳು, ತಲೆ ಎತ್ತಿದಳು, ಮದುಮಗಳಂತೆ ನಡೆದಳು. ಅವನ ಮುಖದಲ್ಲಿ ಕಂಡ ಗಾಬರಿಯನ್ನು ಆ ಪುಣ್ಯಾತ್ಗಿತ್ತಿ ಮೆಚ್ಚುಗೆ ಎಂದುಕೊಂಡಳು.

ಡಾಕ್ಟರು ಮೂವತ್ತೈದು ಎಂದು ಬರೆದರು. ಅರ್ಜಿ ವಜಾ ಆಯಿತು.

"ಚಂದ ನಡದು ಬಂದಾಳಂತ," ವೈನಿ ಓಣಿಗೆ ಕೇಳುವಂತೆ ಹೇಳಿದಳು. "ಜೇವರ್ಗಿಗೂ ಹಂಗೇ ನಡದು ಹೋಗ್ಲಿ." ಮಲ್ಲಣ್ಣ ನಿಶ್ಚಯದ ದಿನ ಗೊತ್ತು ಮಾಡಿದ.

ಕಲ್ಯಾಣಪ್ಪನಿಗೆ ಆ ಸುದ್ದಿ ಹೇಳಲು ಅವಳೇ ಬಂದಳು.

"ಅವತ್ತು ಯಾಕ್ರಿ ಹಂಗ ನಡದ್ರಿ?" ಎಂದು ಅವನು ಮೆಲ್ಲಗೆ ಕೇಳಿದ.

"ಡಾಕ್ಟರಿಗೆ ಕಣ್ಣಿಲ್ಲ. ನಿಮಗ ವಕೀಲಕಿ ಬರೂದಿಲ್ಲ. ನನ್ನ ಯಾಕ ಕೇಳ್ತೀರಿ?"

ಅವನು ಬಹಳ ಹೊತ್ತು ಅವಳನ್ನು ನೋಡಿದ. ಈ ಸಲ ಕಣ್ಣು ಫೈಲಿಗೆ ಇಳಿಯಲಿಲ್ಲ. "ಅಪೀಲು ಹಾಕ್ತೇನಿ. ನಿಶ್ಚಯದೊಳಗ ತಾರೀಖು ತರ್ತೇನಿ," ಎಂದಷ್ಟೇ ಹೇಳಿದ. ಬೇರೆ ಏನಾದರೂ ಹೇಳಿಯಾನೆಂದು ಅವಳು ಕಾದಳು. ಹೇಳಲಿಲ್ಲ. ಹೇಡಿ ಎಂದುಕೊಂಡು ಮೆಟ್ಟಿಲಿಳಿದಳು.

ನಿಶ್ಚಯಕ್ಕೆ ಎರಡು ದಿನ ಇದೆ ಅನ್ನುವಾಗ ಅಪೀಲು ಕೇಳುವ ಎ.ಸಿ. ಸಾಹೇಬರು ಅಫಜಲಪುರಕ್ಕೆ ಕ್ಯಾಂಪ್ ಬಂದರು. ಮರುಪರೀಕ್ಷೆಗೆಂದು ಪಕ್ಕದಲ್ಲಿ ಬೇರೊಬ್ಬ ಡಾಕ್ಟರು ಕೂತಿದ್ದರು.

"ನೆಟ್ಟಗ ನಡೀತಾಳ ಅಂತ ಬರದಾರೆಲ್ಲ," ಸಾಹೇಬರು ಕಾಗದ ಸರಿಸಿದರು. "ಸರ್ಕಾರದ ರೊಕ್ಕ ಅಂದ್ರ ಎಲ್ಲಾರಿಗೂ ಕಾಲು ನೋವ್ತದ."

ಕಲ್ಯಾಣಪ್ಪ ಎದ್ದು ನಿಂತ. ಆ ದಿನ ಬಗ್ಗಲಿಲ್ಲ.

"ಸಾಹೇಬ್ರ, ಇವ್ರು ಬಸ್ಸಿಳಿದು ನನ್ನ ಆಫೀಸಿಗೆ ಬರೂದು ನನ್ನ ಕಿಟಕ್ಯಾಗಿಂದ ಕಾಣ್ತದ. ಹೆಜ್ಜಿ ಹೆಜ್ಜಿಗೆ ತೊಡಿ ಒತ್ತಿ ಹಿಡೀತಾರ. ಬಳಿ ಅಂಗಡಿ ಮುಂದ ನಿಂತು ಬಳಿ ನೋಡಿದಂಗ ಮಾಡ್ತಾರ, ಖರೇ ಅಂದ್ರ ದಮ್ಮು ತಗೋತಾರ. ಮೆಟ್ಟಲ ಮ್ಯಾಲ ಕುಂತು, ಎರಡೂ ಕೈಲೆ ಕಾಲು ಎತ್ತಿ ಮ್ಯಾಲಿನ ಮೆಟ್ಟಲಕ್ಕ ಇಡ್ತಾರ. ನನ್ನ ಬಾಗಿಲ ಮುಂದ ಬಂದ ಮ್ಯಾಲ ಅಷ್ಟೇ ಕೈ ತಗೀತಾರ."

ಶಿವಕಾಂತಾಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಚೇರಿಯ ಎಮ್ಮೆ ಮುಖಗಳೆಲ್ಲ ಅವಳ ಕಾಲನ್ನೇ ನೋಡುತ್ತಿದ್ದವು. ಎದ್ದು ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆಮೇಲೆ ಹೊಳೆಯಿತು. ಅವನು ಎಲ್ಲ ನೋಡಿದ್ದ. ಮೊದಲಿನಿಂದಲೂ ನೋಡಿದ್ದ. ನೋಡಿಯೂ ಅವಳು ಒಳಗೆ ಬಂದಾಗ ಫೈಲು ತಲೆಕೆಳಗಾಗಿ ಹಿಡಿಯುತ್ತಿದ್ದ.

"ಹಂಗಾದ್ರ ನಡದು ತೋರ್ಸಲಿ," ಎಂದರು ಸಾಹೇಬರು.

"ತೋರಸ್ತಾರ. ನಾನು ಹೊರಗ ನಿಂದರ್ತೇನ್ರಿ."

"ನೀವ್ಯಾಕ ಹೊರಗ?"

ಕಲ್ಯಾಣಪ್ಪ ನೆಲ ನೋಡುತ್ತ ಹೇಳಿದ: "ನಾನಿದ್ರ ಅವ್ರು ಚಂದ ನಡೀತಾರ್ರಿ."

ಯಾರೋ ಕಿಸಕ್ಕನೆ ನಕ್ಕರು. ಅವನು ಬಾಗಿಲ ಕಡೆ ಹೊರಟಿದ್ದ.

"ಹೋಗಬ್ಯಾಡ್ರಿ," ಎಂದಳು ಶಿವಕಾಂತಾ. "ಅಲ್ಲೇ ನಿಂದ್ರಿ. ನಾ ನಡಿಯೂದು ನೋಡ್ರಿ."

ಅವಳು ಎದ್ದಳು. ಎಡಗೈಯನ್ನು ತೊಡೆಯ ಮೇಲೆ ಒತ್ತಿದಳು. ಮೈ ಒಂದು ಕಡೆ ಬಾಗಿತು, ಕಾಲು ನೆಲ ಸವರಿತು. ಅರ್ಧ ದಾರಿಯಲ್ಲಿ ನಿಂತು ಉಸಿರು ತೆಗೆದುಕೊಂಡಳು. ಬಳೆ ನೋಡುವ ನೆಪ ಮಾಡಲಿಲ್ಲ, ನೇರ ಅವನ ಮುಖ ನೋಡಿದಳು. ಅವನ ಕಣ್ಣು ತುಂಬಿತ್ತು. ಅಪ್ಪಿತಪ್ಪಿ ಅದರಲ್ಲಿ ಕನಿಕರ ಇದೆಯೇ ಎಂದು ಹುಡುಕಿದಳು. ಕಂಡದ್ದು ಬೇರೆಯೇ. ಯಾರ ಕಡೆಗೂ ಹೀಗೆ ನಡೆದು ಹೋಗಿರದ ಹುಡುಗಿ, ಊರ ಗುಮಾಸ್ತರೆಲ್ಲ ನೋಡುತ್ತಿರುವಾಗ ಅವನ ಹತ್ತಿರ ನಡೆದು ಹೋಗಿ ನಿಂತಳು.

ಡಾಕ್ಟರು ನಲವತ್ತಕ್ಕಿಂತ ಬಹಳ ಮೇಲೆಯೇ ಬರೆದರು. ಸಾಹೇಬರು ಮಂಜೂರು ಮಾಡಿ ಮುಂದಿನ ಫೈಲು ಎಳೆದುಕೊಂಡರು.

ಹೊರಗೆ ಬೇವಿನ ಮರದ ಕೆಳಗೆ ಇಬ್ಬರೂ ನಿಂತರು. ಗುಡುಸಾಬ ಬುದ್ಧಿವಂತ, ಬಸ್ಸಿನ ಟೈಮು ಕೇಳಿ ಬರುತ್ತೇನೆಂದು ದೂರ ಹೋದ.

"ಇನ್ನ ಜೇವರ್ಗಿ ಮುದುಕಗ ಒಲ್ಲೆ ಅನ್ನಬಹುದು," ಎಂದ ಕಲ್ಯಾಣಪ್ಪ.

"ಅಂತೇನಿ. ಅವಗೊಬ್ಬಗ ಯಾಕ, ಯಾರು ಕೇಳಿದ್ರೂ ಅಂತೇನಿ."

"ಯಾರು ಕೇಳಿದ್ರೂ?"

"ಯಾರು ಕೇಳಿದ್ರೂ."

"ಹಂಗಾದ್ರ ನಾನೂ ಕೇಳಿಬಿಡ್ತೇನಿ. ನನ್ನ ಮದುವಿ ಆಗ್ತೀರೇನು?"

ಅವಳ ಕಣ್ಣಲ್ಲಿ ಹಳೆಯ ಬೆಂಕಿ ಹೊತ್ತಿತು. "ಈಗ ಕೇಳ್ತೀರಿ? ನಿಶ್ಚಯ ಆಗಾಕತ್ತದ ಅಂತ ನಾನು ಬಂದು ಹೇಳಿದಾಗ ಬಾಯಾಗ ಏನು ಇಟ್ಕೊಂಡಿದ್ರಿ?"

"ಅವತ್ತು ಕೇಳಿದ್ರ ನೀವು ಹೂಂ ಅಂತಿದ್ರಿ," ಎಂದ ಅವನು. "ಜೇವರ್ಗಿ ತಪ್ಪಿಸಾಕ ನಾನಲ್ಲ, ಆ ಗುಡುಸಾಬ ಕೇಳಿದ್ರೂ ಹೂಂ ಅಂತಿದ್ರಿ. ನಿಮಗ ಒಲ್ಲೆ ಅನ್ನಾಕ ಬರೂ ದಿನ ಕೇಳಬೇಕು ಅಂತ ತಡದೆ."

ಶಿವಕಾಂತಾ ಚುಚ್ಚಲು ಒಂದು ಮಾತು ಹುಡುಕಿದಳು. ಕಣ್ಣೀರು ಮಾತ್ರ ಕೇಳದೆ ಬಂತು. ಅದನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಅವಳು ಹೇಳಿದಳು:

"ಒಲ್ಲೆ ಅನ್ನಾಕ ಬರ್ತದ ನನಗ. ನಿಮಗ ಅನ್ನೂದಿಲ್ಲ."