ಬಾಗಿಲಿಗೆ ಬೆನ್ನು

"ಈ ಚಿತ್ರಾನ ಮನೇಲಿ ಹಾಕ್ಕೋ, ಆಫೀಸಲ್ಲಿ ಹಾಕ್ಕೋ. ಆ ಕ್ಲಬ್ಬಿನ ಗೋಡೆಗೆ ಮಾತ್ರ ಬೇಡ ಕಣಪ್ಪ," ಎಂದಳು ಮುದುಕಿ ಯೂನಾ. "ನಮ್ಮಣ್ಣ ಶಾಯಿಗೆ ತನ್ನ ರಕ್ತ ಕಲಸಿ ಶಾಪ ಹಾಕಿದಾನೆ."

ಕಟ್ಟಡ ಕಟ್ಟಿಸಿ ದುಡ್ಡು ಮಾಡಿದ ಡೆಸ್ಮಂಡ್ ಟಲ್ಲಿ ನಕ್ಕುಬಿಟ್ಟ. "ರಕ್ತಕ್ಕೆ ಬೇರೆ ರೇಟಾ, ಅಜ್ಜಿ?"

ಮೆಲ್ಬರ್ನಿನ ಆ ಹಳೆಯ ಕ್ಲಬ್ಬು ಯೂನಾಳ ಅಣ್ಣನನ್ನು ಬಾಗಿಲಿನಿಂದಲೇ ಅಟ್ಟಿತ್ತು. ಸಾಯುವ ಮುನ್ನ ಅವನು ತಾಮ್ರದ ತಗಡಿನಲ್ಲಿ ಅದನ್ನೇ ಕೊರೆದ: ಊಟದ ಕೋಣೆಯ ತುಂಬ ದೊಡ್ಡ ಮನುಷ್ಯರು, ಮೂಗು ಸೂರಿಗೆ, ಬೆನ್ನು ಬಾಗಿಲಿಗೆ. ಕೆಲವೇ ಪ್ರತಿ ಅಚ್ಚು ತೆಗೆದು, ಇನ್ನೊಂದು ಹುಟ್ಟದಂತೆ ತಗಡಿನ ಮೇಲೆ ಅಡ್ಡಗೀರು ಎಳೆದುಬಿಟ್ಟ. ಉಳಿದಿದ್ದು ಇದೊಂದೇ.

ಹೊಸ ಸದಸ್ಯ ಕ್ಲಬ್ಬಿಗೊಂದು ಚಿತ್ರ ಕೊಡುವುದು ಅಲ್ಲಿನ ಪದ್ಧತಿ. ತಮ್ಮನ್ನೇ ಗೇಲಿ ಮಾಡುವ ಚಿತ್ರವಾದರೆ ಆ ಮಹಾನುಭಾವರಿಗೆ ಇನ್ನೂ ಖುಷಿ. ಬೈಸಿಕೊಳ್ಳುವುದೂ ಅವರಿಗೆ ದೊಡ್ಡಸ್ತಿಕೆಯೇ. ಡೆಸ್ಮಂಡನಿಗೆ ಬೇಕಾಗಿದ್ದದ್ದು ಬೇರೆ. ಸೇರ್ಪಡೆಯ ದಿನ ಸದಸ್ಯನ ಮನೆಯವರಿಗೂ ಅಲ್ಲಿ ಊಟ. ಫುಟ್‌ಸ್ಕ್ರೇ ಬಡಾವಣೆಯ ಬೇಕರಿ ಒಲೆಯ ಮುಂದೆ ಬೆಂದು ತನ್ನನ್ನು ಓದಿಸಿದ ಅಮ್ಮನನ್ನು ಆ ಮೇಜಿನಲ್ಲಿ ಕೂರಿಸಬೇಕು. ಅಷ್ಟೇ ಅವನ ಆಸೆ.

ಸೇರ್ಪಡೆಯ ದಿನ ಮಧ್ಯಾಹ್ನ, ಅವನು ಕೊಂಡು ತಂದ ಆ ಚಿತ್ರವನ್ನು ಗೋಡೆಗೆ ತೂಗುಹಾಕಿದರು. ಎಲ್ಲರೂ ನಕ್ಕರು. ಹುರಿದ ಕುರಿಮಾಂಸದ ಘಮದ ನಡುವೆ ಇನ್ನೊಂದು ವಾಸನೆ ಎದ್ದಿತು: ಶಾಯಿಯ ಅಗಸೆ ಎಣ್ಣೆ, ತುಕ್ಕು, ಹಳೆಯ ನೆತ್ತರು. ದೀಪಗಳು ಮಂಕಾದವು. ಡೆಸ್ಮಂಡನ ಕತ್ತಿಗೆ ಜೋಮು ಹಿಡಿಯಿತು. ನೋವಿಲ್ಲ. ಏನೂ ಇಲ್ಲ. ಸುತ್ತಲಿನ ಕುರ್ಚಿಗಳು ಒಂದೊಂದಾಗಿ ಕಿರುಗುಟ್ಟಿ ತಿರುಗಿದವು. ಅವನದೂ ತಿರುಗಿತು.

ಬೆನ್ನ ಹಿಂದೆ ಬಾಗಿಲು ತೆರೆಯಿತು.

"ಡೆಸ್, ಬಂದೆ ಕಣೋ. ಟ್ರಾಮು ತಡ ಆಯ್ತು."

ಅಮ್ಮ. ತಿರುಗಬೇಕು. ತಿರುಗು. ಕತ್ತು ಕಲ್ಲು. ಕೈ ಎತ್ತಬೇಕು. ಏಳಲಿಲ್ಲ. ಮೂಗು ಮಾತ್ರ ತಾನಾಗಿ ಮೇಲೇರಿತು.

"ನಿಮ್ಮವರಾ ಸಾರ್?" ಬಾಗಿಲು ಕಾಯುವವನು ಕೇಳಿದ.

"ಯಾರೋ ಗೊತ್ತಿಲ್ಲ," ಅಂದಿತು ಡೆಸ್ಮಂಡನ ಬಾಯಿ. "ಅಡುಗೆಮನೆ ಕೆಲಸಕ್ಕೆ ಬಂದಿರ್ಬೇಕು. ಹಿಂದಿನ ಬಾಗಿಲು ತೋರಿಸಿ."



"ಹೌದಪ್ಪ, ಕೆಲಸಕ್ಕೇ ಬಂದೆ," ಅಂದಳು ಅಮ್ಮ, ಕಾವಲುಗಾರನಿಗೆ, ಮೆಲ್ಲಗೆ. "ಇವರ್ಯಾರೋ ನನಗೂ ಗೊತ್ತಿಲ್ಲ. ಅವರನ್ನ ಏನೂ ಅನ್ಬೇಡಿ."

ಹೆಜ್ಜೆಗಳು ದೂರವಾದವು. ಅವನಿಗೆ ಅಳು ಬರಬೇಕಿತ್ತು. ಎದೆಯೊಳಗೆಲ್ಲ ಹುಡುಕಿದ, ಸಿಗಲಿಲ್ಲ. ಸೂಪು ಬಂತು. ಈಗ ಕೈ ಎದ್ದಿತು. ಕುಡಿದ.