ಇಳಿಸಿದ ಶ್ರುತಿ

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಬ್ಯಾಂಡ್ ಪೂರ್ತಿ ಶ್ರುತಿ ಇಳಿದು ಕೂತಿದೆ," ಎಂದ ಅಂದೇ ಬಂದು ಸೇರಿದ್ದ ಸ್ಯಾಕ್ಸೊಫೋನ್‌ನವನು.

ಸಂಜೆಯ ಶೋಗೆ ರಿಹರ್ಸಲ್ ನಡೆಯುತ್ತಿದ್ದ ಹಾಲ್‌ನಲ್ಲಿ ಎಲ್ಲರೂ ಮೇಷ್ಟ್ರತ್ತ ತಿರುಗಿದರು. ಬೇಸ್ ಗಿಟಾರ್ ಹಿಡಿದು ನಿಂತಿದ್ದ, ಬ್ಯಾಂಡಿನವರೆಲ್ಲ ಬೇಸಕ್ಕ ಎಂದು ಕರೆಯುವವಳು ತಲೆ ತಗ್ಗಿಸಿದಳು.

ಇಳಿಸಿದವಳು ಅವಳೇ. ಮೇಷ್ಟ್ರ ಗಂಟಲು ಸೋಲತೊಡಗಿದಾಗಿನಿಂದ, ಟ್ಯೂನ್ ಮಾಡಿಕೊಡುವ ನೆಪದಲ್ಲಿ ಅವರ ಗಿಟಾರ್ ಇಸಿದುಕೊಂಡು ತಂತಿಗಳನ್ನು ಒಂದಿಷ್ಟು ಸಡಿಲಿಸುತ್ತಿದ್ದಳು. ತನ್ನ ತಂತಿಗಳನ್ನೂ ಅಷ್ಟೇ. ಆಗ ಮೇಲಿನ ಸ್ವರಕ್ಕೆ ಅವರು ತಿಣುಕಬೇಕಿರಲಿಲ್ಲ. ಡ್ರಮ್ಮಿನವನಿಗಂತೂ ಶ್ರುತಿಯ ಗೊಡವೆಯೇ ಇಲ್ಲ.

ಬ್ಲೂಸ್ ಹಾಡುತ್ತ, ಬ್ಯಾಂಡ್ ಕಟ್ಟುತ್ತ ಮೇಷ್ಟ್ರು ಆಯುಷ್ಯವನ್ನೇ ಸವೆಸಿದ್ದರು. ಒಂದು ಮುರಿದರೆ ಇನ್ನೊಂದು. ಬಂದವರು ಕಲಿತರು, ಮದುವೆಯಾದರು, ದೊಡ್ಡ ಊರು ಸೇರಿದರು. ಹೋಗದೆ ಉಳಿದವಳು ಇವಳೊಬ್ಬಳೇ. ಯಾಕೆ ಉಳಿದೆ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಗಿಟಾರ್ ಕೈ ಬದಲಾಗುವಾಗ ಬೆರಳಿಗೆ ಬೆರಳು ತಾಗುತ್ತಿತ್ತಲ್ಲ, ಅಷ್ಟೇ ಇವಳ ಸಂಸಾರ.

ಈಗ ಅದಕ್ಕೂ ಕಲ್ಲು ಬಿತ್ತು. ಎಲ್ಲರೆದುರು ಮುದುಕನೆಂದು ತೋರಿಸಿಕೊಟ್ಟವಳನ್ನು ಯಾವ ಗಂಡಸು ಜೊತೆಗಿಟ್ಟುಕೊಂಡಾನು?

"ನಮ್ಮ ಮನೆಯ ಶ್ರುತಿ ಇದೇ ಕಣಪ್ಪ, ನೀನೇ ಹೊಂದಿಸ್ಕೋ," ಎಂದರು ಮೇಷ್ಟ್ರು ಮೈಕಿನಲ್ಲೇ. "ಈಗ ಎಲ್ಲರೂ ಕಾಫಿ ಕುಡ್ಕೊಂಡು ಬನ್ನಿ."

ಎಲ್ಲರೂ ಹೋದರು. ಅವಳು ಮಾತ್ರ ಮೇಷ್ಟ್ರ ಬಳಿಗೆ ಬಂದಳು.

"ತಪ್ಪಾಯ್ತು. ನಿಮಗೆ ಕಷ್ಟ ಆಗಬಾರದು ಅಂತ..."

"ನನಗೆ ಮೊದಲ ದಿನವೇ ಗೊತ್ತಾಯ್ತು."

"ಏನು?"

"ಅಲ್ಲ, ತಂತಿ ಸಡಿಲ ಆದ್ರೆ ಬೆರಳಿಗೆ ಗೊತ್ತಾಗಲ್ವಾ? ಇಷ್ಟು ವರ್ಷ ನಾನು ಬಾರಿಸಿದ್ದು ಗಿಟಾರೋ, ತಗಡೋ?"

ಅವಳಿಗೆ ನಗು ಬಂತು. ಹಿಂದೆಯೇ ಅಳು, ಅದರ ಹಿಂದೆ ಸಿಟ್ಟು. "ಮತ್ತೆ ಬಾಯಿ ಯಾಕೆ ಬಿಡಲಿಲ್ಲ?"

"ಬಿಟ್ಟಿದ್ರೆ ನೀನು ನಿಲ್ಲಿಸ್ಬಿಡ್ತಿದ್ದೆ. ನನಗೋಸ್ಕರ ಒಬ್ಬಳು ಕದ್ದುಮುಚ್ಚಿ ಇಷ್ಟು ಮಾಡ್ತಾಳೆ ಅನ್ನೋದೇ ಹಿತವಾಗಿತ್ತು ಕಣೇ."

ಅವರು 'ಕಣೇ' ಎಂದದ್ದು ಅದೇ ಮೊದಲು. ಅವಳು ತಲೆಯೆತ್ತಿ ನೋಡಿದಳು. ಮೇಷ್ಟ್ರು ಗಂಟಲ ಮೇಲೆ ಕೈಯಿಟ್ಟುಕೊಂಡಿದ್ದರು.

"ಡಾಕ್ಟ್ರು ಇನ್ನು ಹಾಡ್ಲೇಬಾರ್ದು ಅಂದ್ರು. ಇಳಿಸೋಕೆ ಜಾಗ ಉಳಿದಿಲ್ಲ." ಅವರು ಗಿಟಾರ್ ಚಾಚಿದರು. "ಇವತ್ತು ಏರಿಸು. ನಿನ್ನ ಗಂಟಲಿಗೆ ಹೊಂದೋ ಹಾಗೆ. ನೀನು ಹಾಡು, ನಾನು ಬಾರಿಸ್ತೀನಿ."

"ಆಮೇಲೆ?"

"ಆಮೇಲೆ ಇಬ್ಬರೂ ಒಂದೇ ಮನೆಗೆ ಹೋಗೋಣ. ಬರ್ತೀಯಾ?"

"ಕೂದಲೆಲ್ಲ ಬೆಳ್ಳಗಾದ ಮೇಲೆ ಕೇಳೋದಾ ಇದನ್ನ?"

"ಹೆದರಿಕೆ ಇತ್ತು. ಬೇರೆಯವರ ಹಾಗೆ ನೀನೂ ಹೊರಟುಬಿಟ್ರೆ ಅಂತ."

"ನಾನೆಲ್ಲಿಗೆ ಹೋಗ್ಲಿ?" ಎಂದಳು ಅವಳು. ಕಣ್ಣೊರೆಸಿಕೊಂಡು ತಂತಿಗಳನ್ನು ಬಿಗಿಯತೊಡಗಿದಳು.

ಸಂಜೆ ಅವಳು ಹಾಡಿದಳು. ಧ್ವನಿ ಮೊದಲು ನಡುಗಿತು, ಆಮೇಲೆ ಶ್ರುತಿಗೆ ಸೇರಿ ಗಟ್ಟಿಯಾಗಿ ನಿಂತಿತು. ಬದುಕಿಡೀ ಮುಂದೆ ನಿಂತಿದ್ದ ಮೇಷ್ಟ್ರು ಮೈಕ್ ಬಿಟ್ಟುಕೊಟ್ಟು, ಅವಳ ಪಕ್ಕಕ್ಕೆ ಬಂದು ನಿಂತರು.